ಡಿಫೆನ್ಸ್ ಎಲ್ಲಿ ಸೋರುತ್ತಿದೆ? ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೊಂದು ದೋಷ ನಿವಾರಣೆ ಕೈಪಿಡಿ

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾವ ಕಾಲೇಜಿಗೆ ಹೋದರೂ ಕಬಡ್ಡಿಗೆ, ವಾಲಿಬಾಲಿಗೆ ಹುಡುಗರು ತಾವಾಗಿ ಸಿಗುತ್ತಾರೆ. ಬಾಸ್ಕೆಟ್‌ಬಾಲಿಗೆ ಮಾತ್ರ ಹುಡುಕಿ ಕರೆತರಬೇಕು. ಇರುವುದು ಒಂದು ಸಿಮೆಂಟ್ ಕೋರ್ಟು. ಎಲ್ಲ ಆಟಕ್ಕೂ ಒಬ್ಬರೇ ಪಿ.ಟಿ. ಮಾಷ್ಟ್ರು. ಶೂಟಿಂಗನ್ನು ಹುಡುಗರು ಹೇಗೋ ತಾವೇ ಕಲಿಯುತ್ತಾರೆ, ಡಿಫೆನ್ಸ್ ಹಾಗೆ ಬರುವುದಿಲ್ಲ. ಕಣ್ಣೂರು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಕ್ಕೆ ಹೋಗಿ ಸೋತು ಬಂದರೆ "ನಮ್ಮವರಿಗೆ ಹೈಟ್ ಇಲ್ಲ" ಎಂದು ಮುಗಿಸಿಬಿಡುತ್ತೇವೆ. ನಿಜ ಹೇಳಬೇಕೆಂದರೆ ಹೈಟ್ ಮುಖ್ಯ ಕಾರಣ ಆಗಿರುವುದು ಕಡಿಮೆ.

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು, ನೀರು ತೊಟ್ಟಿಕ್ಕುವುದು ಒಂದು ಕಡೆ, ಹೆಂಚು ಒಡೆದಿರುವುದು ಇನ್ನೊಂದು ಕಡೆ. ಬಾಸ್ಕೆಟ್‌ಬಾಲ್ ಡಿಫೆನ್ಸೂ ಹಾಗೇ. ಬಾಲ್ ರಿಂಗಿಗೆ ಬಿದ್ದಾಗ ಪಕ್ಕದಲ್ಲಿ ಯಾರು ನಿಂತಿದ್ದನೋ ಅವನಿಗೆ ಬೈಗುಳ. ತಪ್ಪು ಆದದ್ದು ಅದಕ್ಕೂ ಎರಡು ಪಾಸ್ ಮೊದಲು, ಬೇರೆ ಯಾರಿಂದಲೋ. ಆದ್ದರಿಂದ ಕೆಳಗಿನ ಪ್ರತಿಯೊಂದು ಲಕ್ಷಣದಲ್ಲೂ ಹಿಂದಕ್ಕೆ ಹೋಗಿ ನೋಡುವುದೇ ಕೆಲಸ.

ಮೊದಲು ಕೋರ್ಟು, ಆಮೇಲೆ ಆಟಗಾರ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಯಲಿನ ಸಿಮೆಂಟ್ ಕೋರ್ಟಿನಲ್ಲಿ ಜುಲೈ ಹೊತ್ತಿಗೆ ಪಾಚಿ ಕಟ್ಟಿರುತ್ತದೆ. ಡಿಫೆನ್ಸ್ ಅಭ್ಯಾಸ ಎಂದರೆ ಅಡ್ಡಕ್ಕೆ ಸರಿಯುವುದು, ಓಡಿ ಬಂದು ಥಟ್ಟನೆ ನಿಲ್ಲುವುದು. ಪಾಚಿಯ ಮೇಲೆ ಇದನ್ನು ಮಾಡಿಸಿದರೆ ಮೊಣಕಾಲು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಒಣಗಿದ ಮೇಲೆ ಮಾತ್ರ ಓಡಿಸಿ. ಬೋರ್ಡಿನ ಕಬ್ಬಿಣದ ಕಂಬಕ್ಕೆ ಹಳೆ ಫೋಮ್ ಹಾಸಿಗೆ ಸುತ್ತಿ ಕಟ್ಟಿ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಕೇಳಿಸಿತೆಂದರೆ ಅಲ್ಲಿಗೆ ಅಭ್ಯಾಸ ಬಂದ್. "ಇನ್ನೊಂದು ಐದು ನಿಮಿಷ" ಎಂಬ ಮಾತಿಗೆ ಮಣಿಯಬೇಡಿ.

ಇನ್ನೊಂದು ತಯಾರಿ ಇದೆ, ಖರ್ಚು ಒಂದು ನೋಟ್‌ಬುಕ್ ಮಾತ್ರ. ಬೆಂಚಿನಲ್ಲಿ ಕುಳಿತ ಒಬ್ಬ ಹುಡುಗನ ಕೈಗೆ ಕೊಡಿ. ಎದುರಾಳಿ ಪಾಯಿಂಟ್ ಮಾಡಿದಾಗಲೆಲ್ಲ ಅದು ಹೇಗೆ ಬಂತು ಎಂದು ಒಂದೊಂದು ಗೆರೆ ಎಳೆಯಲಿ: ಫಾಸ್ಟ್ ಬ್ರೇಕ್ (ಬಾಲ್ ಸಿಕ್ಕ ಕೂಡಲೇ ಆ ಕಡೆಗೆ ಓಟ), ಡ್ರೈವ್ (ಡ್ರಿಬಲ್ ಮಾಡುತ್ತ ರಿಂಗಿಗೆ ನುಗ್ಗುವುದು), ಸ್ಕ್ರೀನ್ (ಜೊತೆಗಾರನಿಗಾಗಿ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲುವುದು), ಹೊರಗಿನ ಶಾಟ್, ರಿಬೌಂಡ್ (ತಪ್ಪಿದ ಶಾಟಿನ ಬಾಲ್) ಸಿಕ್ಕಿ ಎರಡನೇ ಸಲ, ಫ್ರೀ ಥ್ರೋ. ಎರಡು ಮೂರು ಪಂದ್ಯಗಳ ಗೆರೆ ನೋಡಿದರೆ ಯಾವ ಲಕ್ಷಣದಿಂದ ಶುರು ಮಾಡಬೇಕೆಂದು ತಿಳಿಯುತ್ತದೆ. ಅಲ್ಲಿಯವರೆಗೆ ಜೋನ್ (ಆಟಗಾರನ ಬದಲು ಜಾಗ ಕಾಯುವುದು), ಪ್ರೆಸ್ (ಕೋರ್ಟಿನ ಉದ್ದಕ್ಕೂ ಒತ್ತಡ ಹಾಕುವುದು) ಎಂದು ವ್ಯವಸ್ಥೆ ಬದಲಾಯಿಸಲು ಹೋಗಬೇಡಿ. ಸೋತ ಮರುದಿನವೇ ಜೋನ್ ಕಲಿಸಲು ಹೊರಡುವುದು ನಮ್ಮಲ್ಲಿ ಇರುವ ದೊಡ್ಡ ಚಟ.

ಲಕ್ಷಣ: ನಮ್ಮ ಶಾಟ್ ತಪ್ಪಿದ ಕೂಡಲೇ ಅವರು ಆ ಕಡೆ ಓಡಿ ರಿಂಗಿನ ಹತ್ತಿರದಿಂದ ಲೇಅಪ್ ಹಾಕುತ್ತಾರೆ

ಕೋರ್ಟಿನ ಉದ್ದ 28 ಮೀಟರ್. ಚುರುಕಾದ ಹುಡುಗ ನಾಲ್ಕೈದು ಸೆಕೆಂಡಿನಲ್ಲಿ ಆ ತುದಿ ಮುಟ್ಟುತ್ತಾನೆ. ಅವನ ಹಿಂದೆ ಓಡಿ ಹಿಡಿಯುವ ಮಾತಿಲ್ಲ. ಮೊದಲೇ ಅಲ್ಲಿ ಒಬ್ಬ ಇರಬೇಕು.

ಮೊದಲ ಪರೀಕ್ಷೆ ಸುಲಭ. ನಮ್ಮವರು ಶಾಟ್ ಹೊಡೆದ ಕ್ಷಣದಲ್ಲಿ ಬಾಲ್ ನೋಡಬೇಡಿ, ನಮ್ಮ ಐವರು ಎಲ್ಲಿದ್ದಾರೆ ನೋಡಿ. ನಾಲ್ವರು ರಿಂಗಿನ ಕೆಳಗೆ ರಿಬೌಂಡಿಗೆ ನುಗ್ಗಿದ್ದರೆ ಉತ್ತರ ಸಿಕ್ಕಿತು. ಇನ್ನೊಂದು ಸಾಮಾನ್ಯ ದೋಷ: ಹಿಂದೆ ಉಳಿಯಬೇಕಾದ ಪಾಯಿಂಟ್ ಗಾರ್ಡೇ (ಬಾಲ್ ಮುಂದೆ ತಂದು ಆಟ ನಡೆಸುವವನು) ಡ್ರೈವ್ ಮಾಡಿ ಒಳಗೆ ಹೋಗಿರುತ್ತಾನೆ, ಅವನ ಜಾಗಕ್ಕೆ ಯಾರೂ ಬಂದಿರುವುದಿಲ್ಲ. ಶಾಟ್ ಏಳುತ್ತಿದ್ದ ಹಾಗೆ ಇಬ್ಬರು ಹಿಂದಕ್ಕೆ ಎಂದು ನಿಯಮ ಮಾಡಿ. ಮೊದಲು ಮುಟ್ಟಿದವನು ರಿಂಗ್ ಕಾಯಬೇಕು, ಎರಡನೆಯವನು ಬಾಲ್ ತಡೆಯಬೇಕು. ಇಬ್ಬರೂ ಬಾಲಿಗೇ ಹೋದರೆ ರಿಂಗ್ ಖಾಲಿ.

ಆದರೆ ನೋಟ್‌ಬುಕ್ಕಿನ ಗೆರೆಗಳು ಹೆಚ್ಚಾಗಿ ನಮ್ಮ ಪಾಸ್ ಕದ್ದು ಓಡಿದ್ದರಿಂದ ಬಂದಿದ್ದರೆ ಇಲ್ಲಿಗೆ ನಿಲ್ಲಿಸಿ. ಅದು ಡಿಫೆನ್ಸ್ ರೋಗವೇ ಅಲ್ಲ. ಪಾಸಿಂಗ್ ಅಭ್ಯಾಸ ಮಾಡಿಸಿ.

ಲಕ್ಷಣ: ಒಬ್ಬನೇ ಡ್ರಿಬಲ್ ಮಾಡಿಕೊಂಡು ರಿಂಗ್‌ವರೆಗೆ ಬರುತ್ತಾನೆ

ಇದೇ ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ತಪ್ಪಾಗಿ ಓದಿಕೊಳ್ಳುವ ಲಕ್ಷಣ. ಇದರಲ್ಲಿ ಎರಡು ದೋಷ ಒಂದರ ಹಿಂದೆ ಒಂದು ಅಡಗಿರುತ್ತವೆ.

ಮೊದಲನೆಯದು ಬಾಲ್ ಹಿಡಿದವನ ಎದುರು ಇರುವವನದ್ದು. ಅವನ ಕಾಲು ನೋಡಿ. ಮೊಣಕಾಲು ಬಗ್ಗಿದೆಯಾ, ಹಿಮ್ಮಡಿ ಮೇಲೆ ಭಾರ ಹಾಕಿ ನಿಂತಿದ್ದಾನಾ? ಎದುರಾಳಿಗೂ ಅವನಿಗೂ ಒಂದು ತೋಳಿನ ಅಂತರ ಇದೆಯಾ? ಅಡ್ಡ ಸರಿಯುವಾಗ ಕಾಲು ಕತ್ತರಿಯಾಗುತ್ತದಾ? ಈ ಮೂರನ್ನು ಸರಿ ಮಾಡಲು ಬಾಲ್ ಕೂಡ ಬೇಡ, ಗೋಡೆ ಪಕ್ಕದಲ್ಲಿ ಹತ್ತು ನಿಮಿಷ ಸಾಕು.

ನಮ್ಮ ಕಡೆಯ ಹುಡುಗರಲ್ಲಿ ಒಂದು ವಿಶೇಷ ನೋಡಬಹುದು. ಕಬಡ್ಡಿಯಿಂದ ಬಂದವನ ಅಡ್ಡ ಹೆಜ್ಜೆ ತುಂಬ ಚೆನ್ನಾಗಿರುತ್ತದೆ, ದೇಹ ತಾಗಿದರೆ ಹೆದರುವುದಿಲ್ಲ. ಆದರೆ ಅವನ ಕೈ ಸುಮ್ನೆ ಇರುವುದಿಲ್ಲ. ಮುಂದೆ ಬಂದವನನ್ನು ಹಿಡಿಯುವುದೇ ಅಭ್ಯಾಸ. ಕೈ ಚಾಚಿದ ಕೂಡಲೇ ಭಾರ ಮುಂದಕ್ಕೆ ಹೋಗುತ್ತದೆ, ಎದುರಾಳಿ ಪಕ್ಕದಿಂದ ಜಾರುತ್ತಾನೆ. ಫೌಲೂ ಸಿಗುತ್ತದೆ, ಬಾಸ್ಕೆಟ್ಟೂ ಬೀಳುತ್ತದೆ. ಅವನ ಎರಡು ಕೈಗೂ ಒಂದೊಂದು ಟೆನಿಸ್ ಬಾಲ್ ಕೊಟ್ಟು ಡಿಫೆನ್ಸ್ ಮಾಡಿಸಿ, ಹಿಡಿಯಲು ಬೆರಳು ಸಿಗಬಾರದು. ವಾಲಿಬಾಲಿನಿಂದ ಬಂದವನ ಕಷ್ಟವೇ ಬೇರೆ. ಬ್ಲಾಕ್ ಮಾಡುವ ಆಸೆ. ಎದುರಾಳಿ ಬಾಲ್ ಸ್ವಲ್ಪ ಮೇಲೆತ್ತಿ ಶಾಟ್ ಎಂದು ತೋರಿಸಿದರೆ ಸಾಕು, ಇವನು ಹಾರಿದ. ಅವನು ಕೆಳಗೆ ಇಳಿಯುವ ಹೊತ್ತಿಗೆ ಎದುರಾಳಿ ರಿಂಗಿನ ಹತ್ತಿರ. ಎದುರಾಳಿಯ ಕಾಲು ನೆಲ ಬಿಡುವವರೆಗೆ ನಿನ್ನ ಕಾಲು ನೆಲ ಬಿಡಬಾರದು ಎಂಬ ಒಂದೇ ನಿಯಮ ಅವನಿಗೆ ಕೊಡಿ.

ದೂರದಿಂದ ಓಡಿ ಬಂದು ಶೂಟರನ್ನು ತಡೆಯುವಾಗಲೂ ಇದೇ ಕಥೆ. ಪೂರ್ತಿ ವೇಗದಲ್ಲಿ ಬಂದವನನ್ನು ಒಂದೇ ಡ್ರಿಬಲಿನಲ್ಲಿ ದಾಟಬಹುದು. ಕೊನೆಯ ಎರಡು ಮೀಟರ್ ಚಿಕ್ಕ ಚಿಕ್ಕ ಹೆಜ್ಜೆ, ಒಂದು ಕೈ ಮೇಲೆ, ಸೊಂಟ ಕೆಳಗೆ.

ಇಷ್ಟೂ ಸರಿಯಿದ್ದರೂ ಡ್ರೈವ್ ನಿಲ್ಲಲಿಲ್ಲವೇ? ಗಾಬರಿ ಬೇಡ. ಒಳ್ಳೆಯ ಗಾರ್ಡನ್ನು ಒಬ್ಬನೇ ಇಡೀ ಪಂದ್ಯ ತಡೆಯಲು ಯಾರಿಂದಲೂ ಆಗುವುದಿಲ್ಲ. ಈಗ ಎರಡನೇ ದೋಷ ಹುಡುಕಿ: ಸಹಾಯಕ್ಕೆ ಬರಬೇಕಾದವನು ಎಲ್ಲಿದ್ದ? ಕೇಳಿ ನೋಡಿ, "ಅವ ನನ್ನವ ಅಲ್ಲ ಮಾಷ್ಟ್ರೇ!" ಎಂಬ ಉತ್ತರ ಬರುತ್ತದೆ. ರೋಗ ಅಲ್ಲೇ ಇದೆ. ಮ್ಯಾನ್ ಟು ಮ್ಯಾನ್ ಎಂದರೆ ತನ್ನವನಿಗೆ ಅಂಟಿಕೊಂಡು ನಿಲ್ಲುವುದು ಎಂದು ಹುಡುಗರು ತಿಳಿದಿರುತ್ತಾರೆ. ಬಾಲ್ ಬಲಗಡೆ ಇದ್ದರೆ ಎಡ ಮೂಲೆಯ ಎದುರಾಳಿಯನ್ನು ಕಾಯುವವನು ಮೂಲೆಯಲ್ಲಿ ನಿಂತು ಏನು ಪ್ರಯೋಜನ? ಆ ಎದುರಾಳಿಗೆ ಬಾಲ್ ಬರಲು ಎರಡು ಪಾಸ್ ಬೇಕು. ಕಾಯುವವನು ಕೀ (ರಿಂಗಿನ ಮುಂದೆ ಗೆರೆ ಎಳೆದ ಆಯತ) ಒಳಗೆ ಒಂದು ಕಾಲಾದರೂ ಇಟ್ಟಿರಬೇಕು.

ಪರೀಕ್ಷೆ ಹೀಗೆ. ಅಭ್ಯಾಸದ ಮಧ್ಯೆ ವಿಸಿಲ್ ಊದಿ. ಎಲ್ಲರೂ ಇದ್ದಲ್ಲೇ ನಿಂತು ಒಂದು ಕೈಯಿಂದ ಬಾಲನ್ನು, ಇನ್ನೊಂದು ಕೈಯಿಂದ ತನ್ನವನನ್ನು ತೋರಿಸಲಿ. ಕತ್ತು ತಿರುಗಿಸದೆ ಎರಡೂ ಕಂಡರೆ ಸರಿಯಾದ ಜಾಗ. ಯಾರು ತಲೆ ತಿರುಗಿಸಿ ಹುಡುಕುತ್ತಾನೋ ಅವನ ಕಡೆಯಿಂದಲೇ ಮುಂದಿನ ಬಾಸ್ಕೆಟ್ ಬರುತ್ತದೆ.

ಇದನ್ನು ರಿಪೇರಿ ಮಾಡಲು ನಾಲ್ವರ ಎದುರು ನಾಲ್ವರ ಶೆಲ್ ಡ್ರಿಲ್‌ಗಿಂತ ಒಳ್ಳೆಯದು ಇಲ್ಲ. ನಾಲ್ವರು ಕೀ ಸುತ್ತ ನಿಂತು ಬಾಲ್ ಪಾಸ್ ಮಾಡುತ್ತಾರೆ, ಡಿಫೆನ್ಸಿನ ನಾಲ್ವರು ಪ್ರತಿ ಪಾಸಿಗೂ ಜಾಗ ಬದಲಿಸುತ್ತಾರೆ. ಶೂಟಿಂಗ್ ಇಲ್ಲ, ರಿಂಗೂ ಬೇಡ. ಮಳೆಗಾಲದಲ್ಲಿ ಕಾಲೇಜಿನ ಸಭಾಂಗಣದಲ್ಲಿ ಸೀಮೆಸುಣ್ಣದಿಂದ ಕೀ ಬರೆದು ನಡೆದುಕೊಂಡೇ ಮಾಡಿಸಬಹುದು. ನಡೆಯುವ ವೇಗದಲ್ಲಿ ತಪ್ಪುವವನು ಓಡುವಾಗ ಖಂಡಿತ ತಪ್ಪುತ್ತಾನೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ನೋಡಿ. ಸಹಾಯಕ್ಕೆ ಹೋದವನ ಆಟಗಾರ ಈಗ ಖಾಲಿ. ಅವನನ್ನು ಯಾರು ನೋಡಿಕೊಳ್ಳುವುದು? ಹೆಚ್ಚಿನ ಕಾಲೇಜು ತಂಡಗಳು ಮುರಿಯುವುದು ಈ ಮೂರನೇ ಮನುಷ್ಯನಲ್ಲಿ. ಒಬ್ಬ ಸಹಾಯಕ್ಕೆ ಹೋದರೆ ಮೇಲೆ, ರಿಂಗಿನಿಂದ ದೂರ ಇರುವವನು ಆ ಖಾಲಿ ಆಟಗಾರನ ಕಡೆಗೆ ಕೆಳಗೆ ಇಳಿಯಬೇಕು ಎಂದು ಮೊದಲೇ ಒಪ್ಪಂದ ಆಗಿರಬೇಕು.

ಡ್ರೈವ್ ಮಾಡುವವನನ್ನು ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಗೆ ದೂಡಬೇಕೋ ನಡುವಿಗೆ ದೂಡಬೇಕೋ ಎಂಬ ಚರ್ಚೆ ದೊಡ್ಡದು. ನನ್ನ ಮತ ಬೇಸ್‌ಲೈನಿಗೆ. ಅಲ್ಲಿ ಗೆರೆಯೇ ಒಬ್ಬ ಡಿಫೆಂಡರ್. ಯಾವುದಾದರೂ ಆಗಲಿ, ಐವರೂ ಒಂದೇ ಕಡೆಗೆ ದೂಡಿದರೆ ಸಾಕು.

ಲಕ್ಷಣ: ಒಬ್ಬನ ಹತ್ತಿರ ನಮ್ಮವರು ಇಬ್ಬರು, ಇನ್ನೊಬ್ಬ ಪೂರ್ತಿ ಖಾಲಿ

ಇದು ಸ್ಕ್ರೀನ್ ಆದಾಗ ಕಾಣುವ ಲಕ್ಷಣ. ಸಿದ್ಧಾಂತಕ್ಕೆ ಹೋಗುವ ಮೊದಲು ಕಿವಿಯ ಪರೀಕ್ಷೆ ಮಾಡಿ. ಕೋರ್ಟಿನ ಪಕ್ಕದಲ್ಲಿ ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲಿ. ಏನು ಕೇಳಿಸುತ್ತದೆ? ಬರೀ ಬಾಲಿನ ಸದ್ದು ಮತ್ತು ಶೂ ಸದ್ದು ಕೇಳಿಸಿದರೆ ಬೇರೆ ದೋಷ ಹುಡುಕುವ ಅಗತ್ಯವಿಲ್ಲ.

ನಮ್ಮ ತಂಡಗಳಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ ಮಾತಾಡುವವರು ಒಟ್ಟಿಗೆ ಆಡುತ್ತಾರೆ. ಗಡಿಬಿಡಿಯಲ್ಲಿ ಎಲ್ಲರ ಬಾಯಲ್ಲೂ ಅವರವರ ಮನೆ ಮಾತೇ ಬರುವುದು. ಅದು ತಪ್ಪಲ್ಲ, ಆದರೆ ಕೋರ್ಟಿನಲ್ಲಿ ಮೂರು ನಾಲ್ಕು ಕೂಗು ಎಲ್ಲರಿಗೂ ಒಂದೇ ಆಗಿರಲಿ: ಬಾಲ್, ಹೆಲ್ಪ್, ಸ್ಕ್ರೀನ್ ಲೆಫ್ಟ್, ಸ್ಕ್ರೀನ್ ರೈಟ್. ಲೆಫ್ಟ್ ಎಂದರೆ ಯಾರ ಲೆಫ್ಟ್ ಎಂಬುದನ್ನೂ ಮೊದಲೇ ಹೇಳಿ. ಕೂಗುವವನದ್ದಲ್ಲ, ಸ್ಕ್ರೀನಿಗೆ ಸಿಕ್ಕಿಬೀಳಲಿರುವವನದ್ದು. ಕೂಗು ಸ್ಕ್ರೀನ್ ತಾಗುವ ಮೊದಲು ಬರಬೇಕು. ತಾಗಿದ ಮೇಲೆ ಬಂದ ಕೂಗು ಬರೀ ಗಲಾಟೆ.

ಮಾತು ಸರಿಯಾದ ಮೇಲೂ ಬಾಸ್ಕೆಟ್ ಬೀಳುತ್ತಿದ್ದರೆ ಆಗ ಯಾವ ವಿಧಾನ ಎಂದು ಯೋಚಿಸಿ. ನಮ್ಮ ಎತ್ತರದ ಹುಡುಗ ನಿಧಾನವಾದರೆ ಡ್ರಾಪ್, ಅಂದರೆ ಅವನು ಹಿಂದೆ ಫ್ರೀ ಥ್ರೋ ಗೆರೆಯ ಒಳಗೇ ಉಳಿದು ರಿಂಗ್ ಕಾಯುತ್ತಾನೆ. ಮಧ್ಯದ ದೂರದಿಂದ ಒಂದೆರಡು ಶಾಟ್ ಬೀಳಲಿ, ಪರವಾಗಿಲ್ಲ. ಎಲ್ಲರೂ ಹೆಚ್ಚು ಕಡಿಮೆ ಒಂದೇ ಎತ್ತರ ಇದ್ದರೆ ಸ್ವಿಚ್ ಮಾಡಿ, ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಿ. ಹೈಟ್ ಇಲ್ಲ ಎಂದು ಗೋಳಾಡುವ ತಂಡಕ್ಕೆ ಇದು ನಿಜವಾಗಿ ಲಾಭ. ಯಾರನ್ನು ಯಾರು ಹಿಡಿದರೂ ವ್ಯತ್ಯಾಸ ಕಡಿಮೆ. ಎದುರಾಳಿಯ ಒಬ್ಬನೇ ಉದ್ದದವನು ನಮ್ಮ ಗಿಡ್ಡ ಗಾರ್ಡ್ ಎದುರು ರಿಂಗ್ ಹತ್ತಿರ ನಿಂತರೆ ಗಾರ್ಡ್ ಅವನ ಮುಂದೆ ಬಂದು ಪಾಸ್ ತಡೆಯಲಿ, ಹಿಂದಿನಿಂದ ಇನ್ನೊಬ್ಬ ನೋಡಿಕೊಳ್ಳಲಿ. ಇಬ್ಬರೂ ಸೇರಿ ಬಾಲ್ ಹಿಡಿದವನನ್ನು ಮುತ್ತುವ ಟ್ರಾಪ್ ಕೊನೆಯ ಮದ್ದು. ಶೆಲ್ ಡ್ರಿಲ್ ಪಕ್ಕಾ ಆಗದೆ ಅದನ್ನು ಮುಟ್ಟಬೇಡಿ.

ಲಕ್ಷಣ: ಜೋನ್ ಹಾಕಿದ ಮೇಲೆ ಮೂಲೆಯಿಂದ ತ್ರೀ ಬೀಳಲು ಶುರು

ಜೋನ್ ನಮಗೆ ಯಾಕೆ ಇಷ್ಟ ಎಂದರೆ ಅದು ಸುಸ್ತು ಕಡಿಮೆ ಮಾಡುತ್ತದೆ. ನಿಯಮವೂ ಅನುಕೂಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಕಾಯದೆ 3 ಸೆಕೆಂಡಿಗಿಂತ ಜಾಸ್ತಿ ಕೀ ಒಳಗೆ ನಿಲ್ಲುವಂತಿಲ್ಲ. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಆ ತಡೆ ಇಲ್ಲ. ಉದ್ದದ ಹುಡುಗನನ್ನು ರಿಂಗ್ ಕೆಳಗೆ ನಿಲ್ಲಿಸಿ ಹಾಯಾಗಿರಬಹುದು. ಆದರೆ 2-3 ಜೋನಿನ (ಮೇಲೆ ಇಬ್ಬರು, ಕೆಳಗೆ ರಿಂಗ್ ಹತ್ತಿರ ಮೂವರು) ಬಲಹೀನ ಜಾಗಗಳು ಯಾವಾಗಲೂ ಅವೇ: ಎರಡು ಮೂಲೆ, ಮತ್ತು ಫ್ರೀ ಥ್ರೋ ಗೆರೆಯ ನಡು. ಮೂರು ಪಾಯಿಂಟಿನ ಗೆರೆ ರಿಂಗಿನಿಂದ 6.75 ಮೀಟರ್, ಮೂಲೆಯಲ್ಲಿ ಇನ್ನೂ ಸ್ವಲ್ಪ ಹತ್ತಿರ.

ಮೂಲೆಯಲ್ಲಿ ನಿಂತವನನ್ನು ಬೈಯುವ ಮೊದಲು ಮೇಲಿನ ಇಬ್ಬರನ್ನು ನೋಡಿ. ಇಬ್ಬರೂ ಒಂದೇ ಬಾಲಿನ ಹಿಂದೆ ಹೋಗುತ್ತಿದ್ದಾರಾ? ಹಾಗಾದರೆ ಅವರ ನಡುವಿನಿಂದ ಬಾಲ್ ಫ್ರೀ ಥ್ರೋ ಗೆರೆಗೆ ಬರುತ್ತದೆ. ಅದನ್ನು ತಡೆಯಲು ಕೆಳಗಿನವರು ಒಳಗೆ ಸೇರುತ್ತಾರೆ, ಅಷ್ಟರಲ್ಲಿ ಮೂಲೆ ಖಾಲಿ. ಒಬ್ಬ ಬಾಲಿಗೆ ಹೋದರೆ ಇನ್ನೊಬ್ಬ ಹಿಂದೆ ಸರಿದು ನಡುವನ್ನು ಮುಚ್ಚಬೇಕು. ಆಮೇಲೆ ಸಮಯ ನೋಡಿ. ಪಾಸ್ ಗಾಳಿಯಲ್ಲಿರುವಾಗಲೇ ನಮ್ಮವರು ಹೊರಟಿರಬೇಕು. ಕೈಗೆ ಬಿದ್ದ ಮೇಲೆ ಹೊರಟರೆ ತಡ.

ಮೂಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ 2003ರ ಅಮೆರಿಕದ ಕಾಲೇಜು ಫೈನಲ್ ನೋಡಬೇಕು. 2-3 ಜೋನಿಗೇ ಹೆಸರಾದ ಸಿರಾಕ್ಯೂಸ್ ಕಾನ್ಸಾಸ್ ವಿರುದ್ಧ 81-78ರಿಂದ ಗೆದ್ದಿತು. ಕೊನೆಯ ಕ್ಷಣದಲ್ಲಿ ಮೂಲೆಯಿಂದ ಮೈಕಲ್ ಲೀ ಹೊಡೆದ ತ್ರೀಯನ್ನು ಹಕೀಮ್ ವಾರಿಕ್ ಒಳಗಿನಿಂದ ಹಾರಿ ಬಂದು ಬ್ಲಾಕ್ ಮಾಡಿದ. ಅಷ್ಟು ಉದ್ದದ ಕೈ ನಮ್ಮಲ್ಲಿಲ್ಲ, ಆದ್ದರಿಂದ ನಾವು ಒಂದು ಹೆಜ್ಜೆ ಬೇಗ ಹೊರಡಬೇಕು.

ಒಂದು ಸೋಲಿಗೆ ಇಡೀ ವ್ಯವಸ್ಥೆ ಬಿಸಾಡುವವರಿಗೆ ಅಮೆರಿಕದ ಇನ್ನೊಂದು ಕಾಲೇಜು ತಂಡ ವರ್ಜೀನಿಯಾದ ಕಥೆ ಹೇಳಬೇಕು. ಆಗ ಅವರದ್ದು ಪ್ಯಾಕ್ ಲೈನ್ ಎಂಬ ಡಿಫೆನ್ಸ್. ಒಬ್ಬ ಬಾಲ್ ಮೇಲೆ ಒತ್ತಡ ಹಾಕುತ್ತಾನೆ, ಉಳಿದ ನಾಲ್ವರು ರಿಂಗಿನಿಂದ ಸುಮಾರು 5 ಮೀಟರಿನ ಒಳಗೆ ಸೇರಿ ಡ್ರೈವ್ ದಾರಿ ಮುಚ್ಚುತ್ತಾರೆ. 2018ರ ಎನ್‌ಸಿಎಎ (ಅಮೆರಿಕದ ಕಾಲೇಜು) ಟೂರ್ನಿಯಲ್ಲಿ ಅವರು ಅಗ್ರ ಶ್ರೇಯಾಂಕದ ತಂಡ. ಮೊದಲ ಸುತ್ತಿನಲ್ಲೇ 16ನೇ ಶ್ರೇಯಾಂಕದ ಯುಎಂಬಿಸಿ ಎದುರು 74-54ರಿಂದ ಸೋತರು. ಪುರುಷರ ಎನ್‌ಸಿಎಎ ಟೂರ್ನಿಯಲ್ಲಿ 16ನೇ ಶ್ರೇಯಾಂಕದವರು ಒಂದನೇ ಶ್ರೇಯಾಂಕದವರನ್ನು ಸೋಲಿಸಿದ್ದು ಅದೇ ಮೊದಲು. ಅರ್ಧ ಹೊತ್ತಿಗೆ ಸ್ಕೋರ್ 21-21 ಸಮ. ಎರಡನೇ ಅರ್ಧದಲ್ಲಿ ಹೊರಗಿನಿಂದ ತ್ರೀ ಸುರಿಯಿತು, 53 ಪಾಯಿಂಟ್ ಹೋಯಿತು. ಕೋಚ್ ಟೋನಿ ಬೆನೆಟ್ ಪ್ಯಾಕ್ ಲೈನ್ ಬಿಡಲಿಲ್ಲ. 2019ರಲ್ಲಿ ಅದೇ ಡಿಫೆನ್ಸ್ ಇಟ್ಟುಕೊಂಡು ಚಾಂಪಿಯನ್ ಆದರು.

ಲಕ್ಷಣ: ಅವರು ತಪ್ಪುತ್ತಾರೆ, ಆದರೆ ಬಾಲ್ ಮತ್ತೆ ಅವರಿಗೇ

ಎದುರಾಳಿಗೆ ತಮ್ಮದೇ ತಪ್ಪಿದ ಶಾಟಿನ ರಿಬೌಂಡ್ ಸಿಕ್ಕರೆ ಶಾಟ್ ಕ್ಲಾಕಿನಲ್ಲಿ (ಶಾಟ್ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರ) ಹೊಸದಾಗಿ 14 ಸೆಕೆಂಡ್ ಕೊಡುತ್ತಾರೆ. 24 ಸೆಕೆಂಡ್ ಮೈಮುರಿದು ಮಾಡಿದ ಡಿಫೆನ್ಸ್ ನೀರಿಗೆ ಹೋಯಿತು.

ಪರೀಕ್ಷೆ: ಶಾಟ್ ಎದ್ದಾಗ ನಮ್ಮವರ ಕಣ್ಣು ಎಲ್ಲಿದೆ? ಐವರೂ ಮೇಲೆ ಬಾಲ್ ನೋಡುತ್ತಿದ್ದರೆ ಅದೇ ದೋಷ. ಮೊದಲು ತನ್ನವನನ್ನು ಹುಡುಕು, ಬೆನ್ನಿನಿಂದ ತಡೆ, ಆಮೇಲೆ ಬಾಲ್. ಜೋನಿನಲ್ಲಿ "ತನ್ನವನು" ಇಲ್ಲದ ಕಾರಣ ಈ ರೋಗ ಜಾಸ್ತಿ. ಹತ್ತಿರ ಇರುವ ಯಾರನ್ನಾದರೂ ತಡೆ ಎಂದು ಹೇಳಿ.

ಒಂದು ಎಚ್ಚರಿಕೆ. ಹಾರಿದವನ ಕಾಲ ಕೆಳಗೆ ನುಗ್ಗಿ ಬೆನ್ನು ಕೊಡಬಾರದು. ಶೂಟರ್ ಇಳಿಯುವ ಜಾಗದಲ್ಲಿ ಕಾಲಿಡುವುದೂ ಅಷ್ಟೇ ಅಪಾಯ. ಸಿಮೆಂಟಿನ ಮೇಲೆ ಹಾಗೆ ಬಿದ್ದವನ ಕೈ ಮುರಿಯಬಹುದು, ತಲೆ ಒಡೆಯಬಹುದು. ಅಭ್ಯಾಸದಲ್ಲಿ ಇದನ್ನು ಮಾಡಿದವನನ್ನು ಆ ದಿನ ಹೊರಗೆ ಕೂರಿಸಿ.

ಲಕ್ಷಣ: ವಿಸಿಲ್ ನಿಲ್ಲುವುದೇ ಇಲ್ಲ

ಒಂದು ಕ್ವಾರ್ಟರಿನಲ್ಲಿ ನಾಲ್ಕು ಟೀಮ್ ಫೌಲ್ ಆದ ಮೇಲೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಒಬ್ಬನಿಗೆ ಐದು ಫೌಲ್ ಆದರೆ ಅವನು ಹೊರಗೆ. ರೆಫರಿಯನ್ನು ದೂರುವ ಮೊದಲು ಫೌಲ್ ಆದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿ. ರಿಂಗ್ ಹತ್ತಿರದ ಫೌಲ್ ಅರ್ಥವಾಗುತ್ತದೆ. ಅರ್ಧ ಕೋರ್ಟಿನ ಹತ್ತಿರ ಕೈ ಹಾಕಿ ಮಾಡಿದ ಫೌಲ್ ಶುದ್ಧ ನಷ್ಟ. ಅಂಥವು ಜಾಸ್ತಿ ಇದ್ದರೆ ಮತ್ತೆ ಡ್ರೈವ್ ವಿಭಾಗದ ಟೆನಿಸ್ ಬಾಲಿಗೆ ಹೋಗಿ.

ಲಕ್ಷಣ: ಮೂರು ಕ್ವಾರ್ಟರ್ ಸರಿ, ನಾಲ್ಕನೆಯದರಲ್ಲಿ ಎಲ್ಲ ಕುಸಿಯುತ್ತದೆ

ಇದು ಬುದ್ಧಿಯ ದೋಷ ಅಲ್ಲ, ಕಾಲಿನದ್ದು. ಸೊಂಟ ಎತ್ತರಕ್ಕೆ ಬರುತ್ತದೆ, ಮಾತು ನಿಲ್ಲುತ್ತದೆ, ಕೈ ಮೊಣಕಾಲಿನ ಮೇಲೆ ಹೋಗುತ್ತದೆ. ಬೆಳಗಿನ ರೈಲಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕಣ್ಣೂರಿಗೆ ಹೋಗಿ ಹತ್ತು ಗಂಟೆಗೆ ಆಡಿದರೆ ಹೀಗೇ ಆಗುವುದು. ತಿಂಡಿ, ನೀರು, ಬದಲಿ ಆಟಗಾರರು, ಇದೇ ಕ್ರಮದಲ್ಲಿ ಸರಿ ಮಾಡಿ. ಐವರನ್ನೇ 40 ನಿಮಿಷ ಆಡಿಸಿ ಪ್ರೆಸ್ ಹಾಕಿಸುವ ಆಸೆ ಬಿಡಿ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಆಟದ ವಿಷಯದಲ್ಲಿ: ಒಂದೇ ಲಕ್ಷಣ ಒಂದು ತಿಂಗಳ ಅಭ್ಯಾಸದ ಮೇಲೂ ನೋಟ್‌ಬುಕ್ಕಿನಲ್ಲಿ ಕಡಿಮೆಯಾಗದಿದ್ದರೆ ಹೊರಗಿನ ಕೋಚ್ ಒಬ್ಬರಿಗೆ ಪಂದ್ಯದ ಮೊಬೈಲ್ ವಿಡಿಯೋ ತೋರಿಸಿ. ಮೂಲೆಯಿಂದ ತೆಗೆದದ್ದು ಬೇಡ. ಮಹಡಿಯ ಮೇಲಿಂದ ತೆಗೆದರೆ ಹತ್ತು ಜನರೂ ಕಾಣುತ್ತಾರೆ.

ದೇಹದ ವಿಷಯದಲ್ಲಿ ಕಾಯಬೇಡಿ. ತಿರುಗುವಾಗಲೋ ಇಳಿಯುವಾಗಲೋ ಮೊಣಕಾಲಿನಲ್ಲಿ ಟಕ್ ಎಂದು ಸದ್ದಾಗಿ ಕೆಲವು ಗಂಟೆಯಲ್ಲಿ ಊದಿಕೊಂಡರೆ ಅದು ಎಣ್ಣೆ ತಿಕ್ಕಿ ಸರಿಯಾಗುವ ನೋವಲ್ಲ. ಮೂಳೆ ಡಾಕ್ಟರಿಗೆ ತೋರಿಸಿ, ಮಂಗಳೂರಿಗೆ ಹೋಗಬೇಕಾದರೂ ಸರಿ. ಪಾದದ ಗಂಟು ಉಳುಕಿದವನಿಗೆ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಗಂಟಿನ ಮೂಳೆ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಸೆಕೆಯಲ್ಲಿ ಆಡುತ್ತಿದ್ದವನು ತಬ್ಬಿಬ್ಬಾಗಿ ಮಾತಾಡಿದರೆ ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟು ಬಿದ್ದವನು "ಏನಾಗಿಲ್ಲ" ಎಂದರೂ ಆ ದಿನ ಮತ್ತೆ ಆಡಿಸಬೇಡಿ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಕೇಳಿದ್ದನ್ನೇ ಮತ್ತೆ ಕೇಳುವುದು ಕಂಡರೆ ನೇರ ಆಸ್ಪತ್ರೆಗೆ. ಏನೂ ಕಾಣದಿದ್ದರೂ ಅವನನ್ನು ಕಣ್ಣೂರಿನಿಂದ ಒಬ್ಬನೇ ರೈಲು ಹತ್ತಿಸಿ ಕಳಿಸಬೇಡಿ, ಮನೆಯವರಿಗೆ ಫೋನ್ ಮಾಡಿ ಹೇಳಿ.